ಪ್ರಶ್ನೋತ್ತರ: ಹಳೇ ಜನಗಣತಿಯಲ್ಲಿ ಷುಗರ್ ಟೌನ್ ಮನೆಗಳು

ಅಡ್ಮಿನ್: ಜನಗಣತಿ ದಾಖಲೆ ಇಟ್ಟುಕೊಂಡು ಮನೆತನಗಳ ಚರಿತ್ರೆ ಬರೆಯುವ ಪ್ರಮೀಳಾ ಮೇಡಂ ಇವತ್ತು ಸಂಜೆ ನಮ್ಮ ಜೊತೆ ಇದ್ದಾರೆ. ಮಂಡ್ಯದ ಸಕ್ಕರೆ ಫ್ಯಾಕ್ಟರಿ (ಮೈಷುಗರ್) ಕಾಲದ ಮನೆಗಳ ಬಗ್ಗೆ ಕೇಳಿ. ಗುಡ್ ಈವ್ನಿಂಗ್ ಚಿತ್ರ ಹಾಕಬೇಡಿ.

ಪುಟ್ಟಸ್ವಾಮಿ: ಮೇಡಂ, ನಮಸ್ಕಾರ. ನಮ್ಮ ಮುತ್ತಾತನ ಹೆಸರು 1931ರ ಗಣತಿಯಲ್ಲಿ ಸಿಗುತ್ತಾ?

ಪ್ರಮೀಳಾ: ನಮಸ್ಕಾರ. ಸಿಗುವುದಿಲ್ಲ. ಲೆಕ್ಕ ಮುಗಿದ ಮೇಲೆ ಹೆಸರಿದ್ದ ಮೂಲ ಹಾಳೆಗಳನ್ನು ಉಳಿಸಿಕೊಳ್ಳಲಿಲ್ಲ. ಉಳಿದಿರುವುದು ಒಟ್ಟು ಅಂಕಿಗಳ ವರದಿ ಮಾತ್ರ. ಇಂಗ್ಲೆಂಡಿನಲ್ಲಿ ನೂರು ವರ್ಷ ಕಳೆದ ಮೇಲೆ ಹೆಸರಿನ ಸಮೇತ ಬಿಡುತ್ತಾರೆ, 1921ರದ್ದು 2022ರಲ್ಲಿ ಬಂತು. ನಮ್ಮಲ್ಲಿ ಆ ಪದ್ಧತಿ ಇಲ್ಲ. ಇನ್ನೊಂದು ಮಾತು, 1931ರ ವರದಿಯಲ್ಲಿ ಮಂಡ್ಯ ಜಿಲ್ಲೆ ಹುಡುಕಬೇಡಿ. ಜಿಲ್ಲೆ ಆಗಿದ್ದೇ 1939ರಲ್ಲಿ. ಮೈಸೂರು ಜಿಲ್ಲೆಯ ಕೆಳಗೆ ನೋಡಿ.

ಚಂದ್ರು: 1941ರದ್ದು ಸಿಗುತ್ತಾ ಮೇಡಂ? ತಾತ ಆಗ ಮೈಷುಗರ್‌ನಲ್ಲಿದ್ದರು.

ಪ್ರಮೀಳಾ: ಹೆಸರು ಸಿಗುವುದಿಲ್ಲ. ಯುದ್ಧದ ವರ್ಷ, ಅಂಕಿಗಳೂ ಕಮ್ಮಿ.

ನಾಗರತ್ನ: ಫಾರ್ವರ್ಡ್ ಬಂದಿದೆ. "1931ರ ಗಣತಿ ಪಟ್ಟಿ ಹೊರಬಿದ್ದಿದೆ, 499 ರೂಪಾಯಿ ಕಟ್ಟಿ ಮುತ್ತಾತನ ಹೆಸರು ಪಡೆಯಿರಿ, ಆಧಾರ್ ನಂಬರ್ ಹಾಕಿ." ನಿಜಾನಾ?

ಪ್ರಮೀಳಾ: ಸುಳ್ಳು. ದುಡ್ಡೂ ಕಟ್ಟಬೇಡಿ, ಆಧಾರೂ ಕೊಡಬೇಡಿ. ಹಳೇ ವರದಿಗಳು ಜನಗಣತಿ ಇಲಾಖೆಯ ಜಾಲತಾಣದಲ್ಲೇ ಪುಕ್ಕಟೆ ಇವೆ.

ಸವಿತಾ: ಮೇಡಂ, ನಮ್ಮತ್ತೆಯ ಅಪ್ಪ ಮೇಷ್ಟ್ರು. 1951ರಲ್ಲಿ ಗಣತಿಗೆ ಹೋಗಿದ್ದರು. ಅವರ ಟ್ರಂಕಿನಲ್ಲಿ ಫ್ಯಾಕ್ಟರಿ ಹತ್ತಿರದ ಒಂದು ಬೀದಿಯ ಕಚ್ಚಾ ಪಟ್ಟಿ ಸಿಕ್ಕಿದೆ. ಫೋಟೋ ಹಾಕಿದ್ದೇನೆ. ಎರಡು ವಿಷಯ ಅರ್ಥ ಆಗುತ್ತಿಲ್ಲ. ಒಂದೇ ಬಾಗಿಲ ನಂಬರಿಗೆ ಅಣ್ಣ ತಮ್ಮ ಇದ್ದಾರೆ, ಆದರೆ ಎರಡು ಮನೆ ಅಂತ ಬರೆದಿದ್ದಾರೆ. ಪಕ್ಕದ ಬಾಗಿಲಲ್ಲಿ ಹನ್ನೊಂದು ಗಂಡಸರು, ಒಂದೇ ಮನೆ!

ಪ್ರಮೀಳಾ: ಸವಿತಾ, ಮೊದಲು ಆ ಫೋಟೋ ತೆಗೆಯಿರಿ. ದಯವಿಟ್ಟು ಈಗಲೇ. ಅದರಲ್ಲಿ ಹೆಸರು, ವಯಸ್ಸು, ಮದುವೆ ಆಗಿದೆಯೋ ಇಲ್ಲವೋ ಎಲ್ಲಾ ಇದೆ. ಆಗ ಎರಡು ವರ್ಷದ ಮಗು ಈಗ ಎಪ್ಪತ್ತು ದಾಟಿದ ಅಜ್ಜಿ, ಈ ಗುಂಪಿನಲ್ಲೇ ಇರಬಹುದು. ಗಣತಿಯವರಿಗೆ ಹೇಳಿದ್ದು ಗುಟ್ಟಾಗಿರುತ್ತದೆ ಎಂದು ನಂಬಿಸಿ ಬರೆಸಿಕೊಂಡಿದ್ದು ಅದು. 1948ರ ಜನಗಣತಿ ಕಾಯ್ದೆಯೂ ಅದನ್ನೇ ಹೇಳುತ್ತದೆ.

ಈಗ ನಿಮ್ಮ ಪ್ರಶ್ನೆ. ಮೇಷ್ಟ್ರು ತಪ್ಪು ಮಾಡಿಲ್ಲ. ಗಣತಿಗೆ ಮನೆ ಅಂದರೆ ಗೋಡೆ ಅಲ್ಲ, ಒಲೆ. ಒಂದೇ ಅಡುಗೆ ಉಣ್ಣುವವರು ಒಂದು ಮನೆ. ಅಣ್ಣ ತಮ್ಮ ಒಂದೇ ಸೂರಿನಲ್ಲಿದ್ದು ಒಲೆ ಬೇರೆ ಮಾಡಿಕೊಂಡಿದ್ದರು, ಎರಡು ಮನೆ. ಪಾಲಾದರು ಅಂತ ಬರೆಯಬೇಡಿ, ಜಮೀನು ಒಟ್ಟಿಗೇ ಇದ್ದಿರಬಹುದು. ಹನ್ನೊಂದು ಗಂಡಸರು ದುಡ್ಡು ಹಾಕಿ ಒಟ್ಟಿಗೆ ಬೇಯಿಸಿಕೊಳ್ಳುತ್ತಿದ್ದರು, ಒಂದು ಮನೆ. ಆ ಹನ್ನೊಂದು ಜನರ ಹುಟ್ಟಿದೂರಿನ ಕಾಲಂ ನೋಡಿ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರಾ? ನನಗೆ ಕುತೂಹಲ ಅಲ್ಲೇ. ಆ ವರ್ಷ ಎಣಿಸಿದ್ದು ಫೆಬ್ರವರಿ 9ರಿಂದ 28ರವರೆಗೆ. ಆಗ ಕಾರ್ಖಾನೆ ಕಬ್ಬು ಅರೆಯುತ್ತಿತ್ತಾ ಎಂದು ಕೇಳಿ ತಿಳಿದುಕೊಳ್ಳಿ. ಕಬ್ಬಿನ ಕಾಲಕ್ಕೆ ಬಂದು ಹೋಗುವವರನ್ನು ಕಾಯಂ ಊರವರು ಅಂದುಕೊಂಡರೆ ಲೆಕ್ಕ ಕೆಡುತ್ತದೆ.

1951ರಲ್ಲಿ ಪ್ರತಿಯೊಬ್ಬರನ್ನೂ ಸ್ವಂತ ಗಳಿಕೆಯಲ್ಲಿ ಬದುಕುವವರು, ಅಷ್ಟಿಷ್ಟು ಗಳಿಸುವ ಅವಲಂಬಿತರು, ಗಳಿಸದ ಅವಲಂಬಿತರು ಅಂತ ಮೂರು ಥರ ಮಾಡಿದ್ದರು. ಹೆಂಗಸರನ್ನೆಲ್ಲ ಮೂರನೆಯದಕ್ಕೆ ಹಾಕಿದ್ದರೆ ನಂಬಬೇಡಿ. ಎರಡು ಎಮ್ಮೆ ಕಟ್ಟಿ ಹಾಲು ಮಾರುವವಳೂ ಅಲ್ಲೇ ಸೇರಿರುತ್ತಾಳೆ, ಉತ್ತರ ಹೇಳಿದ್ದು ಗಂಡ ತಾನೆ. ವಯಸ್ಸೂ ಅಷ್ಟೇ, 30, 35, 40 ಅಂತ ರಾಶಿ ಬಿದ್ದಿರುತ್ತದೆ. ಅಂದಾಜಿಗೆ ಹೇಳಿದ್ದು. ಮನೆಗಳಿಗೆ ನಂಬರ್ ಕೊಟ್ಟು ಹೆಸರಿಲ್ಲದ ಪ್ರತಿ ಮಾಡಿ, ಅದನ್ನು ನನಗೆ ಕಳಿಸಿ.

ಸವಿತಾ: ಫೋಟೋ ತೆಗೆದೆ ಮೇಡಂ, ಕ್ಷಮಿಸಿ. ಹಾಳೆ ಮುಟ್ಟಿದರೆ ಪುಡಿಯಾಗುತ್ತಿದೆ.

ನಾಗರತ್ನ: ಸವಿತಾ, ನಿಂಬೆರಸ ಸವರಿ ಬಿಸಿಲಿಗಿಟ್ಟು ಲ್ಯಾಮಿನೇಷನ್ ಮಾಡಿಸಿದರೆ ನೂರು ವರ್ಷ ಬರುತ್ತದಂತೆ. ವಿಡಿಯೋ ಕಳಿಸಲಾ?

ಪ್ರಮೀಳಾ: ಬೇಡ! ನಿಂಬೆರಸ ಹಳೇ ಶಾಯಿಯನ್ನೇ ತಿಂದುಬಿಡುತ್ತದೆ. ಬಿಸಿಲಿಗೆ ಕಾಗದ ಇನ್ನೂ ಪುಡಿಯಾಗುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಮತ್ತೆ ಬಿಡಿಸಲು ಆಗುವುದಿಲ್ಲ. ಈ ವಿಡಿಯೋ ಮಾಡುವವರು ಒಂದು ಹಳೇ ಹಾಳೆಯನ್ನಾದರೂ ಕೈಯಲ್ಲಿ ಹಿಡಿದಿದ್ದಾರಾ?

ನಾಗರತ್ನ: ಒಳ್ಳೆಯದಕ್ಕೇ ಹೇಳಿದೆ ಮೇಡಂ. ಸಿಡುಕಬೇಡಿ.

ಚಂದ್ರು: ಏನೇ ಹೇಳಿ, ಫ್ಯಾಕ್ಟರಿ ಬಂದಮೇಲೆ ಕೂಡು ಕುಟುಂಬ ಮುರಿಯಿತು. ಕ್ವಾರ್ಟರ್ಸ್ ಸಿಕ್ಕಿತು, ಮಗ ಹೊರಟ.

ಶಿವಣ್ಣ: ಯಾರು ಹೇಳಿದ್ದು? ನಮ್ಮಪ್ಪನಿಗೆ ಕ್ವಾರ್ಟರ್ಸ್ ಸಿಕ್ಕಮೇಲೆ ಅಜ್ಜಿ, ಚಿಕ್ಕಪ್ಪ, ಸೋದರತ್ತೆ ಮಗ ಎಲ್ಲಾ ಅಲ್ಲೇ ಬಂದು ಕೂತರು. ಎರಡು ರೂಮಿನಲ್ಲಿ ಒಂಬತ್ತು ಜನ.

ಪ್ರಮೀಳಾ: ಶಿವಣ್ಣ ಹೇಳಿದ್ದರಲ್ಲಿ ಹುರುಳಿದೆ. ಇಂಗ್ಲೆಂಡಿನ ಪ್ರೆಸ್ಟನ್ ಎಂಬ ಹತ್ತಿ ಗಿರಣಿ ಊರಿನ 1851ರ ಗಣತಿ ಪುಸ್ತಕ ನೋಡಿದವರಿಗೂ ಹಾಗೇ ಕಂಡಿತು. ಸುಮಾರು ನಾಲ್ಕು ಮನೆಗೊಂದರಲ್ಲಿ ಹೆಂಡತಿ ಮಕ್ಕಳಲ್ಲದ ನೆಂಟರೂ ಇದ್ದರು. ತಾಯಿ ಗಿರಣಿಗೆ ಹೋದರೆ ಮಗು ನೋಡಿಕೊಳ್ಳಲು ಅಜ್ಜಿ ಬೇಕಲ್ವಾ? ಮಂಡ್ಯಕ್ಕೂ ಅದೇ ಅಂತ ನಾನು ಹೇಳುತ್ತಿಲ್ಲ. ನೋಡಬೇಕು.

ಚಂದ್ರು: ಇಂಗ್ಲೆಂಡ್ ಕಥೆ ನಮಗ್ಯಾಕೆ? ಫ್ಯಾಕ್ಟರಿ ತಂದ ವಿಶ್ವೇಶ್ವರಯ್ಯನವರ ಬಗ್ಗೆ ಹೇಳಿ.

ಶಿವಣ್ಣ: ಅವರು ದಿವಾನಗಿರಿ ಬಿಟ್ಟಿದ್ದು 1918ರಲ್ಲಿ. ಫ್ಯಾಕ್ಟರಿ ಶುರುವಾಗಿದ್ದು 1933ರಲ್ಲಿ. ಅದಕ್ಕೆ ಓಡಾಡಿದ್ದು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೋಲ್ಮನ್ ಸಾಹೇಬರು.

ಚಂದ್ರು: ವಿಶ್ವೇಶ್ವರಯ್ಯನವರ ಕನ್ನಂಬಾಡಿ ಕಟ್ಟೆ ಇಲ್ಲದಿದ್ದರೆ ನೀರೆಲ್ಲಿ, ನೀರಿಲ್ಲದಿದ್ದರೆ ಕಬ್ಬೆಲ್ಲಿ ಸ್ವಾಮಿ? ಮಂಡ್ಯದವರಾಗಿ ಹೀಗೆ ಮಾತಾಡುತ್ತೀರಲ್ಲ.

ಶಿವಣ್ಣ: ನಾಲೆ ಬೇರೆ, ಕಾರ್ಖಾನೆ ಬೇರೆ. ಓದಿಕೊಂಡು ಬನ್ನಿ.

ಅಡ್ಮಿನ್: ಇಬ್ಬರೂ ಸಾಕು.

ಕಾವ್ಯ: ಮೇಡಂ, ನಾನು ಮೈಸೂರಲ್ಲಿ ಎಂಎ ಓದುತ್ತಿದ್ದೇನೆ. ಗಣತಿಯಲ್ಲಿ ಹೆಸರು ಇಲ್ಲದಿದ್ದರೆ ಬೀದಿ ಮಟ್ಟಕ್ಕೆ ಇಳಿಯುವುದು ಹೇಗೆ?

ಪ್ರಮೀಳಾ: ಹಳೇ ಮತದಾರರ ಪಟ್ಟಿ, ಶಾಲೆ ದಾಖಲಾತಿ ರಿಜಿಸ್ಟರ್, ಪುರಸಭೆಯ ಕಂದಾಯ ಪುಸ್ತಕ. ನಿಮ್ಮೂರಲ್ಲೇ ರಾಜ್ಯ ಪತ್ರಾಗಾರದ ವಿಭಾಗೀಯ ಕಚೇರಿ ಇದೆ, ಅಲ್ಲಿಂದ ಶುರು ಮಾಡಿ.

ಪುಟ್ಟಸ್ವಾಮಿ: 1921ರದ್ದರಲ್ಲಿ ಸಿಗಬಹುದಾ ಮೇಡಂ, ಮುತ್ತಾತನ ಹೆಸರು?

ಪ್ರಮೀಳಾ: ಮೇಲೆ ಓದಿ.

ಮಹದೇವು: ಜಾತಿ ಸರ್ಟಿಫಿಕೇಟಿಗೆ ಆ ಮೇಷ್ಟ್ರ ಪಟ್ಟಿ ನಡೆಯುತ್ತಾ? ನಮ್ಮ ತಾತನೂ ಅದೇ ಬೀದಿ.

ನಾಗರತ್ನ: ಮೇಡಂಗೆ ನಮ್ಮಂಥವರ ಪ್ರಶ್ನೆ ಅಂದರೆ ಬೇಜಾರು, ಬಿಡಿ.

ಸವಿತಾ: ಮೇಡಂ, ಒಂದು ತಪ್ಪಾಗಿದೆ. ಅತ್ತೆ ಆಗಲೇ ಎರಡು ಹಾಳೆಗೆ ಸೆಲೋ ಟೇಪ್ ಹಚ್ಚಿಬಿಟ್ಟಿದ್ದಾರೆ. ಕಿತ್ತುಬಿಡಲಾ?

ಪ್ರಮೀಳಾ: ಕೀಳಬೇಡಿ. ಅಕ್ಷರವೂ ಜೊತೆಗೆ ಬರುತ್ತದೆ. ಹಾಗೇ ಅಟ್ಟೆ ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿಡಿ. ಭಾನುವಾರ ನಾನೇ ಮಂಡ್ಯಕ್ಕೆ ಬರುತ್ತೇನೆ. ಅತ್ತೆಯವರು ಮನೆಯಲ್ಲಿರುತ್ತಾರಾ?