ಡೆಂಗ್ಯೂ ಆದ ಮೇಲೆ ಓದು, ಬರವಣಿಗೆ ಎರಡೂ ಬಾಕಿ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ (ಕನ್ನಡ ಮೇಡಂ):
ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಡೆಂಗ್ಯೂ ಜ್ವರ ಬಿಟ್ಟು 12 ದಿನ. ಪ್ಲೇಟ್‌ಲೆಟ್ ಸರಿಹೋಗಿದೆ, ಸುಸ್ತು ಹೋಗಿಲ್ಲ. ದಿನಚರಿ ಪುಸ್ತಕ ಒಂದು ತಿಂಗಳು ಖಾಲಿ, ಒಂದು ಪ್ರಬಂಧ ಅರ್ಧಕ್ಕೆ ನಿಂತಿದೆ, ಬ್ಲಾಗುಗಳ ಹೊಸ ಲೇಖನಗಳನ್ನು ಒಂದೆಡೆ ತೋರಿಸುವ ಫೀಡ್ಲಿಯಲ್ಲಿ 640 ಲೇಖನ ಓದದೆ ಬಿದ್ದಿವೆ. ಹತ್ತು ನಿಮಿಷ ಪರದೆ ನೋಡಿದರೆ ಕಣ್ಣು ನೋಯುತ್ತದೆ. ಸೋಮವಾರದಿಂದ ಕಾಲೇಜು. ಹೇಗೆ ಹೊಂದಿಸಿಕೊಳ್ಳಲಿ?

ಉತ್ತರ 1 (ಮಲೆನಾಡ ಓದುಗ):
ಮೇಡಂ, ಮೊದಲು ಕಣ್ಣು. ಗೆರೆ ಹಾಕಿದ ನೋಟ್‌ಬುಕ್ ತೆಗೆದುಕೊಂಡು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಗೆರೆ ಡೊಂಕಾಗಿ ಕಂಡರೆ, ಅಕ್ಷರದ ನಡುವೆ ಮಸುಕು ಚುಕ್ಕೆ ಇದ್ದರೆ ಅದು ಪರದೆಯ ಆಯಾಸವಲ್ಲ. ಡೆಂಗ್ಯೂ ಅಪರೂಪಕ್ಕೆ ಕಣ್ಣೊಳಗಿನ ಅಕ್ಷಿಪಟಲಕ್ಕೂ (ರೆಟಿನಾ) ತೊಂದರೆ ಕೊಡುತ್ತದೆ. ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ, ಡೆಂಗ್ಯೂ ಆಗಿತ್ತೆಂದು ಮರೆಯದೆ ಹೇಳಿ. ಗೆರೆ ನೆಟ್ಟಗಿದ್ದು ಬರೀ ನೋವಾದರೆ ಹತ್ತು ನಿಮಿಷಕ್ಕೇ ನಿಲ್ಲಿಸಿ, ದೂರದ ಮರವನ್ನೋ ಗೋಡೆಯನ್ನೋ ನೋಡಿ. ವಾರವಾದರೂ ನೋವು ಇಳಿಯದಿದ್ದರೆ ಆಗಲೂ ತೋರಿಸಿ.

ಡೆಂಗ್ಯೂವಿನ ಸುಸ್ತು ಕೆಲವರಿಗೆ ವಾರಗಟ್ಟಲೆ ಇರುತ್ತದೆ. ಬೆಳಿಗ್ಗೆ ತಲೆ ಹಗುರಾಗಿರುವಾಗ 15 ನಿಮಿಷ ಬರೆಯಿರಿ, ಓದು ಸಂಜೆಗೆ ಇರಲಿ. ಪಾಠ ಮುಗಿಸಿ ಬಂದು ಬರೆಯಲು ಕೂತರೆ ಮರುದಿನದ ಪಾಠಕ್ಕೆ ತ್ರಾಣ ಉಳಿಯುವುದಿಲ್ಲ.

ಉತ್ತರ 2 (ಹಾಳೆ-ಲೇಖನಿ):
640 ಲೇಖನ ತೀರಿಸಲು ಹೋಗಲೇಬೇಡಿ. ಒಂದಕ್ಕೆ ಐದೇ ನಿಮಿಷ ಅಂದರೂ 53 ಗಂಟೆ ಬೇಕು, ಅಷ್ಟರಲ್ಲಿ ಹೊಸವು ಸೇರಿರುತ್ತವೆ. ತಪ್ಪದೆ ಓದುವ ನಾಲ್ಕೈದು ಬ್ಲಾಗ್ ಮಾತ್ರ ತೆರೆದು, ಶೀರ್ಷಿಕೆ ನೋಡಿ ಹತ್ತನ್ನು ಉಳಿಸಿಕೊಳ್ಳಿ. ಮಿಕ್ಕಿದ್ದೆಲ್ಲ ‘ಓದಿದೆ’ ಎಂದು ಗುರುತು ಮಾಡಿ. ಗುರುತು ಮಾಡಿದರೆ ಲೇಖನ ಅಳಿಸಿಹೋಗುವುದಿಲ್ಲ, ಬ್ಲಾಗಿನ ಹಳೆಯ ಪುಟಗಳಲ್ಲಿ ಹುಡುಕಿದರೆ ಸಿಗುತ್ತದೆ.

ದಿನಚರಿಯ ಖಾಲಿ ಪುಟಗಳನ್ನು ಹಳೆ ತಾರೀಖು ಹಾಕಿ ತುಂಬಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಜ್ವರದ ದಿನಗಳ ನೆನಪು ಒಂದರೊಳಗೊಂದು ಬೆರೆತಿರುತ್ತದೆ, ಆಮೇಲೆ ಮನೆಯವರು ಹೇಳಿದ್ದೂ ನಿಮ್ಮ ನೆನಪಾಗಿಯೇ ಕೂರುತ್ತದೆ. ಇಂದಿನ ತಾರೀಖು ಹಾಕಿ ಒಂದೇ ಪುಟ ಬರೆಯಿರಿ. ಲ್ಯಾಬಿನ ಪ್ಲೇಟ್‌ಲೆಟ್ ವರದಿಗಳನ್ನು ಸಾಲಾಗಿ ಇಟ್ಟುಕೊಳ್ಳಿ: ತಾರೀಖು, ಎಣಿಕೆ, ಪರೀಕ್ಷೆಗೆ ರಕ್ತ ಕೊಟ್ಟ ವೇಳೆ ಅದರ ಮೇಲೇ ಇರುತ್ತದೆ. ಔಷಧಿ ಅಂಗಡಿಗೆ ಹಣ ಕಳಿಸಿದ ಯುಪಿಐ ಸಂದೇಶ, ವಾಟ್ಸಾಪ್ ಮಾತು ಜೊತೆಗಿದ್ದರೆ ಯಾವ ದಿನ ಏನಾಯಿತು ಅನ್ನುವುದಕ್ಕೆ ಆಧಾರ ಸಿಕ್ಕಂತೆ.

ಪ್ರಬಂಧವನ್ನು ಮೊದಲಿಂದ ಓದಬೇಡಿ, ತಿದ್ದುತ್ತಾ ಅಲ್ಲೇ ಸಿಕ್ಕಿಬೀಳುತ್ತೀರಿ. ಕೊನೆಯ ಪ್ಯಾರಾ ಮಾತ್ರ ಓದಿ ಮುಂದುವರಿಸಿ. ಏಳುವ ಮುಂಚೆ, ಮುಂದೆ ಏನು ಬರಬೇಕೆಂದು ಒಂದು ಸಾಲು ಗುರುತು ಹಾಕಿ.

ಉತ್ತರ 3 (ಟೈಪಿಂಗ್ ಗೆಳೆಯ):
ಕಣ್ಣಿಗೆ ಬಿಡುವು ಬೇಕಾದರೆ ಕಿವಿಯಲ್ಲಿ ಓದಿ. ಕಂಪ್ಯೂಟರಿನಲ್ಲಿ ಎಡ್ಜ್ ಬ್ರೌಸರ್‌ನಲ್ಲಿ ಪುಟ ತೆರೆದು ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ. ಧ್ವನಿಗಳ ಪಟ್ಟಿಯಲ್ಲಿ ಕನ್ನಡಕ್ಕೆ ಸಪ್ನಾ, ಗಗನ್ ಇದ್ದಾರೆ. ಇಂಗ್ಲಿಷ್ ಧ್ವನಿಯನ್ನೇ ಉಳಿಸಿಕೊಂಡರೆ ಕನ್ನಡ ಸರಿಯಾಗಿ ಓದದಿರಬಹುದು, ಅದನ್ನು ಬದಲಿಸಲು ಮರೆಯಬೇಡಿ.

ಬರೆಯಲು ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು ಪರಿಕರಗಳ ಮೆನುವಿನಲ್ಲಿ ಧ್ವನಿ ಟೈಪಿಂಗ್ ಆರಿಸಿ, ಭಾಷೆ ಕನ್ನಡ ಮಾಡಿ. ಬೇರೆ ಟ್ಯಾಬ್‌ಗೆ ಹೋದರೆ ಮೈಕ್ ನಿಂತುಬಿಡುತ್ತದೆ. ಚುಕ್ಕಿ, ಅಲ್ಪವಿರಾಮ ಆಮೇಲೆ ಕೈಯಲ್ಲೇ ಹಾಕಬೇಕು. ಲ-ಳ, ನ-ಣ ಅದಲುಬದಲಾಗಿವೆಯೇ ನೋಡಿ. ತರಗತಿಯಲ್ಲಿ ಮಾತಾಡುವ ಹಾಗೆ ಗಂಟಲೆತ್ತಬೇಡಿ. ಫೋನಾದರೆ ಬಾಯಿಂದ ಒಂದು ಗೇಣು ದೂರ ಇಟ್ಟರೆ ಮೆಲುದನಿ ಸಾಕು.

ಕನ್ನಡ ಮೇಡಂ:
ಗೆರೆ ನೆಟ್ಟಗೇ ಕಾಣುತ್ತಿದೆ. ಎಡ್ಜ್ ಬ್ಲಾಗನ್ನು ಚೆನ್ನಾಗಿ ಓದುತ್ತದೆ, ಹಳೆಯ ಪಿಡಿಎಫ್ ತೆರೆದರೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಓದುತ್ತಿದೆ. ಯಾಕೆ?

ಟೈಪಿಂಗ್ ಗೆಳೆಯ:
ಅದು ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ ಮಾಡಿದ ಪಿಡಿಎಫ್ ಇರಬೇಕು. ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಬೇಕಾದ ಪುಟದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಡ್ರೈವ್‌ಗೆ ಹಾಕಿ, ಆ ಚಿತ್ರವನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರದ ಕೆಳಗೆ ಯೂನಿಕೋಡ್ ಪಠ್ಯ, ಅಂದರೆ ಕಂಪ್ಯೂಟರಿಗೂ ಕನ್ನಡವೆಂದೇ ಗೊತ್ತಾಗುವ ಪಠ್ಯ ಬರುತ್ತದೆ. ಪಿಡಿಎಫನ್ನೇ ನೇರ ಹಾಕಿದರೆ ಒಳಗಿನ ಅದೇ ಸಂಕೇತ ಹೊರಬರಬಹುದು, ಹಾಗಾಗಿ ಚಿತ್ರವೇ ವಾಸಿ. ಒತ್ತಕ್ಷರ, ಅರ್ಕಾವತ್ತು ತಪ್ಪಿರಬಹುದು. ಕೇಳುವುದಕ್ಕಾದರೆ ನಡೆಯುತ್ತದೆ, ಪ್ರಬಂಧದಲ್ಲಿ ಉದ್ಧರಿಸುವುದಾದರೆ ಮೂಲ ಪುಟ ನೋಡಿಯೇ ಬರೆಯಿರಿ.