ಕರೆಂಟ್ ಹೋಗಿ ಬಂದರೆ ಐಪಿಎಂಐ ಮಾಯ: ಮನೆ ಸರ್ವರ್ ಪ್ರಶ್ನೋತ್ತರ

ಶಿರಸಿ ಸರ್ವರ್: ನಮಸ್ಕಾರ ಮೇಡಂ. ನಾನಿರುವುದು ಬೆಂಗಳೂರಿನಲ್ಲಿ, ಸರ್ವರ್ ಇರುವುದು ಶಿರಸಿಯ ಅಪ್ಪನ ಮನೆಯಲ್ಲಿ. ಸೂಪರ್‌ಮೈಕ್ರೋ ಎಕ್ಸ್11 ಬೋರ್ಡ್, ವರ್ಚುವಲ್ ಮೆಷಿನ್ ಓಡಿಸುವ ಪ್ರಾಕ್ಸ್‌ಮಾಕ್ಸ್, ಅದರೊಳಗೆ ಓಪಿಎನ್‌ಸೆನ್ಸ್ ಫೈರ್‌ವಾಲ್. ಲ್ಯಾನ್1 ನೇರ ಫೈಬರ್ ಮೋಡೆಮ್‌ಗೆ, ಲ್ಯಾನ್2 ಮತ್ತು ಐಪಿಎಂಐ (ಸರ್ವರ್ ಹ್ಯಾಂಗ್ ಆದರೂ ದೂರದಿಂದ ಪರದೆ ನೋಡಿ ಆನ್-ಆಫ್ ಮಾಡುವ ವ್ಯವಸ್ಥೆ) ಪೋರ್ಟ್ ಒಳಗಿನ ಸ್ವಿಚ್‌ಗೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಕೆಲವು ಸಲ ಐಪಿಎಂಐ ಪುಟ ತೆರೆಯುವುದೇ ಇಲ್ಲ. ಸರ್ವರ್ ಮಾತ್ರ ಆರಾಮಾಗಿ ಓಡುತ್ತಿರುತ್ತದೆ. ಮೋಡೆಮ್ ಲಿಸ್ಟ್‌ನಲ್ಲಿ ಗೊತ್ತಿಲ್ಲದ ಡಿವೈಸ್ ಒಂದು ಕಾಣುತ್ತಿದೆ, ಅದು ಬೇರೆ ವಿಷಯ ಇರಬೇಕು.

ಹುಬ್ಬಳ್ಳಿ ಟೆಕ್: ಸೀಮಾಸ್ ಬ್ಯಾಟರಿ (ಬೋರ್ಡಿನ ಮೇಲಿನ ಬಿಲ್ಲೆ ಬ್ಯಾಟರಿ) ತೆಗೆದು ಅರ್ಧ ಗಂಟೆ ಬಿಟ್ಟು ಹಾಕಿ. ಇನ್ನೊಂದು ಗ್ರೂಪ್‌ನಿಂದ ಬಂದ ಫಾರ್ವರ್ಡ್, ಖಂಡಿತ ಕೆಲಸ ಮಾಡುತ್ತೆ. ಆಗದಿದ್ದರೆ ಮೋಡೆಮ್‌ನಲ್ಲಿ ಆ ಡಿವೈಸ್‌ಗೆ ಡಿಎಂಝೆಡ್ (ಇಂಟರ್ನೆಟ್‌ಗೆ ಪೂರ್ತಿ ತೆರೆದಿಡುವ ಸೆಟ್ಟಿಂಗ್) ಕೊಟ್ಟು ನೋಡಿ.

ಎಸ್‌ಪಿ ರೋಡ್ ಗಿರಾಕಿ: ಸೆಕೆಂಡ್ ಹ್ಯಾಂಡ್ ಬೋರ್ಡ್ ತಂದೆ. ಐಪಿಎಂಐ ಪಾಸ್‌ವರ್ಡ್ ಏನು ಮೇಡಂ?

ಮೇಡಂ (ಸರ್ವರ್ ಇಂಜಿನಿಯರ್): ಹಳೆ ಬೋರ್ಡಿಗೆ ಯೂಸರ್ ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್, ಎರಡೂ ಇಂಗ್ಲಿಷ್ ದೊಡ್ಡಕ್ಷರ. 2020ರ ಈಚಿನವಕ್ಕೆ ಬೋರ್ಡಿನ ಸ್ಟಿಕ್ಕರ್ ನೋಡಿ.

ಶಿರಸಿಯವರೇ, ಡಿಎಂಝೆಡ್ ಹಾಕಬೇಡಿ. ಹಾಕಿದ್ದರೆ ಈಗಲೇ ತೆಗೆಯಿರಿ, ಆಮೇಲೆ ಮುಂದೆ ಓದಿ. ಬ್ಯಾಟರಿಯನ್ನೂ ಮುಟ್ಟಬೇಡಿ. ಐಪಿಎಂಐ ನಡೆಸುವ ಬಿಎಂಸಿ ಅಂದರೆ ಬೋರ್ಡಿನ ಮೇಲೇ ಕೂತಿರುವ ಬೇರೊಂದು ಪುಟ್ಟ ಕಂಪ್ಯೂಟರ್. ಅದರ ಸೆಟ್ಟಿಂಗ್ ಅದರದೇ ಫ್ಲ್ಯಾಶ್‌ನಲ್ಲಿ ಇರುತ್ತದೆ, ಬ್ಯಾಟರಿ ತೆಗೆದರೆ ಹೋಗಲ್ಲ.

ಆ ಗೊತ್ತಿಲ್ಲದ ಡಿವೈಸ್ ನಿಮ್ಮ ಬಿಎಂಸಿಯೇ ಅಂತ ನನ್ನ ಅನುಮಾನ. ಸೂಪರ್‌ಮೈಕ್ರೋದಲ್ಲಿ ಐಪಿಎಂಐ ಲ್ಯಾನ್ ಸಾಮಾನ್ಯವಾಗಿ ಫೇಲ್‌ಓವರ್‌ನಲ್ಲಿ (ತನ್ನ ಪೋರ್ಟ್ ಸಿಗದಿದ್ದರೆ ಲ್ಯಾನ್1 ಬಳಸು ಅನ್ನುವ ಸೆಟ್ಟಿಂಗ್) ಬರುತ್ತದೆ. ಕರೆಂಟ್ ಬಂದ ತಕ್ಷಣ ಬಿಎಂಸಿ ಎದ್ದು ತನ್ನ ಪೋರ್ಟಿನಲ್ಲಿ ಲಿಂಕ್ ಇದೆಯಾ ಅಂತ ನೋಡುತ್ತದೆ. ನಿಮ್ಮ ಸ್ವಿಚ್ ಆಗ ಇನ್ನೂ ಬೂಟ್ ಆಗುತ್ತಿದ್ದರೆ ಲಿಂಕ್ ಇಲ್ಲ, ಬಿಎಂಸಿ ಲ್ಯಾನ್1ಕ್ಕೆ ಹೋಗಿ ಅಲ್ಲೇ ಕೂರುತ್ತದೆ. ಸ್ವಿಚ್ ಬೇಗ ಎದ್ದ ದಿನ ಎಲ್ಲ ಸರಿ, ಅದಕ್ಕೇ ಕೆಲವು ಸಲ ಮಾತ್ರ. ಲ್ಯಾನ್1 ಇರುವುದು ಫೈರ್‌ವಾಲ್‌ನ ಹೊರಗೆ, ಅಲ್ವಾ? ಮೋಡೆಮ್ ವೈಫೈಗೆ ಸೇರಿದ ಎಲ್ಲರಿಗೂ ಆ ಲಾಗಿನ್ ಪುಟ ಸಿಗುತ್ತದೆ. ಡಿಎಂಝೆಡ್ ಕೊಟ್ಟರೆ ಊರಿಗೆಲ್ಲ ಸಿಗುತ್ತದೆ.

ಪ್ರಾಕ್ಸ್‌ಮಾಕ್ಸ್ ಶೆಲ್‌ನಲ್ಲಿ ‘ಐಪಿಎಂಐಟೂಲ್ ಲ್ಯಾನ್ ಪ್ರಿಂಟ್ 1’ ಕೊಟ್ಟು ಬಿಎಂಸಿಯ ಮ್ಯಾಕ್ ವಿಳಾಸ (ನೆಟ್‌ವರ್ಕ್ ಪೋರ್ಟಿನ ಗುರುತಿನ ಸಂಖ್ಯೆ) ತೆಗೆದುಕೊಳ್ಳಿ, ಮೋಡೆಮ್ ಲಿಸ್ಟ್‌ಗೆ ಹೋಲಿಸಿ. ಒಂದೇ ಆಗಿದ್ದರೆ ‘ಐಪಿಎಂಐಟೂಲ್ ಎಂಸಿ ರಿಸೆಟ್ ಕೋಲ್ಡ್’. ಸರ್ವರ್ ಆಫ್ ಆಗಲ್ಲ, ಬಿಎಂಸಿ ಮಾತ್ರ ಮತ್ತೆ ಏಳುತ್ತದೆ. ಸ್ವಿಚ್ ಈಗ ಎಚ್ಚರ ಇರುವುದರಿಂದ ತನ್ನ ಪೋರ್ಟಿಗೆ ಮರಳಬೇಕು. ಪುಟ ತೆರೆದ ಕೂಡಲೇ ಕಾನ್ಫಿಗರೇಶನ್, ನೆಟ್‌ವರ್ಕ್‌ನಲ್ಲಿ ಲ್ಯಾನ್ ಇಂಟರ್‌ಫೇಸ್ ಡೆಡಿಕೇಟೆಡ್ ಮಾಡಿ, ಆಮೇಲೆ ಬಿಎಂಸಿ ತನ್ನ ಪೋರ್ಟ್ ಬಿಟ್ಟು ಹೋಗಲ್ಲ.

ಹುಬ್ಬಳ್ಳಿ ಟೆಕ್: ಗಟ್ಟಿ ಪಾಸ್‌ವರ್ಡ್ ಇದ್ದರೆ ಡಿಎಂಝೆಡ್‌ಗೆ ಏನು ತೊಂದರೆ? ಸುಮ್ನೆ ಹೆದರಿಸಬೇಡಿ.

ಮೇಡಂ: ಐಪಿಎಂಐ 2.0ದಲ್ಲಿ ಯೂಸರ್ ಹೆಸರು ಗೊತ್ತಿದ್ದರೆ ಸಾಕು, ಲಾಗಿನ್ ಆಗುವ ಮುಂಚೆಯೇ ಪಾಸ್‌ವರ್ಡಿನ ಹ್ಯಾಶ್ (ಊಹೆಗಳನ್ನು ಹೋಲಿಸಿ ಪಾಸ್‌ವರ್ಡ್ ಪತ್ತೆ ಮಾಡಬಹುದಾದ ಗುರುತು) ಹೊರಗೆ ಬರುತ್ತದೆ. 2013ರಲ್ಲೇ ಬಯಲಾದ ಲೋಪ. ಸ್ಪೆಸಿಫಿಕೇಶನ್‌ನಲ್ಲೇ ಇರುವುದರಿಂದ ಫರ್ಮ್‌ವೇರ್ ಅಪ್‌ಡೇಟ್ ಮಾಡಿದರೂ ಹೋಗಲ್ಲ. ಐಪಿಎಂಐ ಬಳಸುವ ಯುಡಿಪಿ 623 ಪೋರ್ಟ್ ಹೊರಗೆ ತೆರೆಯಬಾರದು ಅನ್ನುವುದು ಇದಕ್ಕೇ.

ಮಂಡ್ಯ ಮಿನಿಪಿಸಿ: ಇಷ್ಟೆಲ್ಲ ರಗಳೆ ಯಾಕೆ? ಮಿನಿ ಪಿಸಿ ತಗೊಂಡು ವೇಕ್ ಆನ್ ಲ್ಯಾನ್ (ನೆಟ್‌ವರ್ಕ್ ಮೂಲಕ ಆನ್ ಮಾಡುವುದು) ಹಾಕಿ. ಕರೆಂಟ್ ಬಿಲ್ ಕಡಿಮೆ.

ಶಿರಸಿ ಸರ್ವರ್: ವೇಕ್ ಆನ್ ಲ್ಯಾನ್‌ನಲ್ಲಿ ಬಯಾಸ್ (ಓಎಸ್ ಏಳುವ ಮುಂಚಿನ) ಪರದೆ ಕಾಣುತ್ತಾ?

ಮಂಡ್ಯ ಮಿನಿಪಿಸಿ: ಮನೆಯಲ್ಲಿ ಬಯಾಸ್ ಯಾರಿಗೆ ಬೇಕು?

ಹುಬ್ಬಳ್ಳಿ ಟೆಕ್: ಮಿನಿ ಪಿಸಿಯಲ್ಲಿ ಇಸಿಸಿ (ತಪ್ಪು ತಾನೇ ಸರಿಪಡಿಸುವ) ರ‍್ಯಾಮ್ ಹಾಕಿ ತೋರಿಸಿ, ಆಮೇಲೆ ಮಾತಾಡೋಣ.

ಮಂಡ್ಯ ಮಿನಿಪಿಸಿ: ಫಾರ್ವರ್ಡ್ ನಂಬಿ ಬ್ಯಾಟರಿ ಕೀಳಿಸುವವರು ಇಸಿಸಿ ಪಾಠ ಹೇಳಬೇಡಿ.

ತುಮಕೂರು ನ್ಯಾಸ್: ಐಪಿಎಂಐ ಫ್ಯಾನ್ ಸದ್ದು ಕಡಿಮೆ ಮಾಡುವುದು ಹೇಗೆ ಮೇಡಂ?

ಬಳ್ಳಾರಿ ಲ್ಯಾಬ್: ಸೂಪರ್‌ಮೈಕ್ರೋ ಡೀಫಾಲ್ಟ್ ಪಾಸ್‌ವರ್ಡ್ ಯಾರಿಗಾದರೂ ಗೊತ್ತಾ?

ಮೇಡಂ: ಮೇಲೆ ಹೇಳಿದ್ದೇನೆ.

ಶಿರಸಿ ಸರ್ವರ್: ಮ್ಯಾಕ್ ಒಂದೇ ಇತ್ತು ಮೇಡಂ! ರಿಸೆಟ್ ಆದ ಮೇಲೆ ಪುಟ ಬಂತು, ಡೆಡಿಕೇಟೆಡ್ ಮಾಡಿದೆ. ಬೆಂಗಳೂರಿನಿಂದ ಒಳಗೆ ಬರಲು ವೈರ್‌ಗಾರ್ಡ್ ವಿಪಿಎನ್ ಓಪಿಎನ್‌ಸೆನ್ಸ್‌ನಲ್ಲೇ ಇದೆ, ಸಾಕಲ್ವಾ?

ಮೇಡಂ: ಸಾಲದು. ಸರ್ವರ್ ಹ್ಯಾಂಗ್ ಆದಾಗ ಓಪಿಎನ್‌ಸೆನ್ಸೂ ಸಾಯುತ್ತದೆ, ಜೊತೆಗೆ ವೈರ್‌ಗಾರ್ಡೂ. ಐಪಿಎಂಐ ಬೇಕಾಗುವುದೇ ಆಗ. ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಇಡಿ. ಅದರ ವೈಫೈ ಮೋಡೆಮ್‌ಗೆ, ವೈರ್ ಸ್ವಿಚ್‌ಗೆ, ಅದರಲ್ಲಿ ಟೇಲ್‌ಸ್ಕೇಲ್ ವಿಪಿಎನ್. ಪೋರ್ಟ್ ಫಾರ್ವರ್ಡ್ ಬೇಡ, ಸಿಜಿನ್ಯಾಟ್ (ಹಲವು ಮನೆಗಳಿಗೆ ಒಂದೇ ಹೊರಗಿನ ಐಪಿ ವಿಳಾಸ) ಇದ್ದರೂ ನಡೆಯುತ್ತದೆ. ಸ್ವಿಚ್, ಮೋಡೆಮ್, ಪೈ ಮೂರನ್ನೂ ಯುಪಿಎಸ್‌ಗೆ ಹಾಕಿ.

ಹುಬ್ಬಳ್ಳಿ ಟೆಕ್: ಅದರ ಬದಲು ಬಿಎಂಸಿಗೆ ಹೊಸ ಫರ್ಮ್‌ವೇರ್ ಹಾಕಿದರೆ ಆಯ್ತು. ಲಿಂಕ್ ಕಳಿಸುತ್ತೇನೆ.

ಮೇಡಂ: ಯಾವ ಬೋರ್ಡಿನದು ಅಂತ ಗೊತ್ತಿಲ್ಲದ ಫೈಲ್ ಇಲ್ಲಿ ಹಾಕಬೇಡಿ. ಬೇರೆ ಮಾಡೆಲ್‌ನದು ಹಾಕಿದರೆ ಬಿಎಂಸಿ ಏಳದೇ ಹೋಗಬಹುದು. ಆಗ ಇವರು ಶಿರಸಿಗೆ ಬಸ್ಸು ಹತ್ತಬೇಕು.

ಬಳ್ಳಾರಿ ಲ್ಯಾಬ್: ಮೇಡಂ, ಅಡ್ಮಿನ್ ಅಡ್ಮಿನ್ ಆಗ್ತಿಲ್ಲ.

ಮೇಡಂ: ಹಳೆ ಮಾಲೀಕರು ಬದಲಿಸಿರುತ್ತಾರೆ. ಓಎಸ್ ಒಳಗಿಂದ ಐಪಿಎಂಐಟೂಲ್‌ನಲ್ಲಿ ಯೂಸರ್ 2ಕ್ಕೆ ಹೊಸ ಪಾಸ್‌ವರ್ಡ್ ಕೊಡಿ. ಇದನ್ನು ಇನ್ನು ಯಾರೂ ಕೇಳಬೇಡಿ.

ತುಮಕೂರು ನ್ಯಾಸ್: ಮೇಡಂ, ಫ್ಯಾನ್?