ಎರಡು ತೂತಿನ ಮಾಸ್ಕ್ ಹಾಕಿದರೂ ಫ್ರಿಂಜ್ ಕಾಣ್ತಾ ಇಲ್ಲ (8 ಇಂಚು ಡಾಬ್, ಮಲ್ಪೆ)

ಮಲ್ಪೆ ತಾರಸಿ:
ನಮಸ್ಕಾರ. ನನ್ನದು 8 ಇಂಚಿನ ಡಾಬ್ಸೋನಿಯನ್ (ಡಾಬ್) ದೂರದರ್ಶಕ, ಫೋಕಲ್ ಲೆಂತ್ 1200 ಮಿ.ಮೀ. ಅದರ ಬಾಯಿಗೆ ರಟ್ಟಿನ ಮಾಸ್ಕ್ ಕಟ್ಟಿದ್ದೇನೆ. 20 ಮಿ.ಮೀ.ನ ಎರಡು ತೂತು, ನಡುವಿನ ಅಂತರ 150 ಮಿ.ಮೀ. ಕ್ಯಾಮೆರಾ ಪಿಕ್ಸೆಲ್ 3.75 ಮೈಕ್ರಾನ್. ಎರಡೂ ತೂತಿನ ಬೆಳಕು ಸೇರಿ ನಕ್ಷತ್ರದ ಚುಕ್ಕೆಯೊಳಗೆ ಗೆರೆಗೆರೆಯಾಗಿ ಫ್ರಿಂಜ್ ಬರಬೇಕು, ಅಲ್ವಾ? ಬೀಟಲ್‌ಜೂಸ್ ನಕ್ಷತ್ರದ ಗಾತ್ರ ಅಳೆಯುವ ಆಸೆ. ಮೂರು ರಾತ್ರಿ ಕೂತೆ. ಒಂದು ಗೆರೆಯೂ ಇಲ್ಲ, ಸುಮ್ನೆ ದಪ್ಪ ಚುಕ್ಕೆ.

ಆಕಾಶದ್ದೇ ತೊಂದರೆಯೋ ಅಂತ ಗದ್ದೆಯಾಚೆ 40 ಮೀಟರ್ ದೂರದ ತೆಂಗಿನ ಮರಕ್ಕೆ ಟಾರ್ಚ್ ಕಟ್ಟಿದೆ. ಅದರ ಮುಂದೆ ಚಪಾತಿ ಸುತ್ತುವ ಫಾಯಿಲ್, ಫಾಯಿಲ್‌ಗೆ ಹೊಲಿಗೆ ಸೂಜಿಯಿಂದ ಒಂದು ತೂತು. ಅದರಲ್ಲೂ ಫ್ರಿಂಜ್ ಇಲ್ಲ. ಮರಕ್ಕೆ ಎಂತಕ್ಕೆ ಟಾರ್ಚ್ ಅಂತ ಅಮ್ಮ ದಿನಾ ಕೇಳ್ತಾರೆ.

ಕಟಪಾಡಿ:
ಕನ್ನಡಿ ಸರಿ ಕೂತಿದೆಯಾ? ಮೊದಲು ಕೊಲಿಮೇಶನ್ (ಕನ್ನಡಿಗಳ ಜೋಡಣೆ) ನೋಡಿ.

ಮಲ್ಪೆ ತಾರಸಿ:
ನೋಡಿದೆ. ಮಾಸ್ಕ್ ತೆಗೆದರೆ ಕ್ಯಾಸ್ಟರ್ ಜೋಡಿ ನಕ್ಷತ್ರ ಚಂದ ಎರಡಾಗಿ ಕಾಣುತ್ತದೆ.

ಸುರತ್ಕಲ್ ಹಳೆ ಲೆನ್ಸ್:
ಹಾಗಾದರೆ ಕನ್ನಡಿ ಬಿಡಿ. ನಿಮಗೆ ಎರಡು ಬೇರೆ ಬೇರೆ ತೊಂದರೆ ಉಂಟು ಮಾರಾಯ್ರೆ. ಒಂದೇ ಅಂದುಕೊಂಡು ಹುಡುಕಿದ್ದಕ್ಕೆ ಸಿಕ್ಕಿಲ್ಲ.

ಮೊದಲು ನಕ್ಷತ್ರದ್ದು. ಹಸಿರು ಬೆಳಕಿನ ತರಂಗದೂರ 550 ನ್ಯಾನೋಮೀಟರ್ ಅಂತ ಹಿಡಿಯಿರಿ. ಅದನ್ನು 150 ಮಿ.ಮೀ.ನಿಂದ ಭಾಗಿಸಿ 1200ರಿಂದ ಗುಣಿಸಿದರೆ 4.4 ಮೈಕ್ರಾನ್. ಕ್ಯಾಮೆರಾದ ಮೇಲೆ ಒಂದು ಗೆರೆಗೂ ಮುಂದಿನ ಗೆರೆಗೂ ಇರುವ ದೂರ ಅಷ್ಟೇ. ನಿಮ್ಮ ಪಿಕ್ಸೆಲ್ಲೇ 3.75. ಕಪ್ಪಿಗೊಂದು ಬಿಳಿಗೊಂದು ಅಂದರೂ ಕನಿಷ್ಠ ಎರಡು ಪಿಕ್ಸೆಲ್ ಬೇಕು, ಮೂರಿದ್ದರೆ ಒಳ್ಳೆಯದು. ಫ್ರಿಂಜ್ ಬಂದಿದೆ, ಕ್ಯಾಮೆರಾಕ್ಕೆ ಕಂಡಿಲ್ಲ. 3x ಬಾರ್ಲೋ (ಚಿತ್ರವನ್ನು ಮೂರು ಪಟ್ಟು ಹಿಗ್ಗಿಸುವ ಲೆನ್ಸ್) ಹಾಕಿ. ಜೊತೆಗೆ ಹಸಿರು ಫಿಲ್ಟರ್ ಬೇಕು, ಇಲ್ಲದಿದ್ದರೆ ಒಂದೊಂದು ಬಣ್ಣದ ಗೆರೆ ಒಂದೊಂದು ಕಡೆ ಬಿದ್ದು ಕಲಸಿಹೋಗುತ್ತದೆ. ಎಕ್ಸ್‌ಪೋಷರ್ 10 ಮಿಲಿಸೆಕೆಂಡ್ ದಾಟಬೇಡಿ, ಗಾಳಿ ಅಲುಗಿದಂತೆ ಗೆರೆಗಳೂ ಓಡುತ್ತವೆ. ಮೊದಲು ತುಂಬ ಹೊಳೆಯುವ ಸಿರಿಯಸ್ ನಕ್ಷತ್ರ ಹಿಡಿಯಿರಿ. ಅದು ಘಟ್ಟದ ಕಡೆ ಆಗಷ್ಟೇ ಹತ್ತುವಾಗ ನೋಡಬೇಡಿ, ನೆತ್ತಿ ಕಡೆ ಬರಲಿ.

ಇನ್ನು ತೆಂಗಿನ ಮರದ್ದು. ಇದು ನನಗೆ ಜಾಸ್ತಿ ಇಷ್ಟವಾಯಿತು. ಸೂಜಿಯ ತೂತು ಎಷ್ಟು ದೊಡ್ಡದು? ದುಂಡಗಿನ ಬೆಳಕಿನ ಬಿಲ್ಲೆಯ ಕೋನಗಾತ್ರ (ಅದರ ಅಗಲವನ್ನು ದೂರದಿಂದ ಭಾಗಿಸಿದ್ದು), ತರಂಗದೂರವನ್ನು ಮಾಸ್ಕಿನ ಅಂತರದಿಂದ ಭಾಗಿಸಿದ್ದರ 1.22 ಪಟ್ಟು ಆದಾಗ ಫ್ರಿಂಜ್ ಪೂರ್ತಿ ಅಳಿಸಿಹೋಗುತ್ತದೆ. ಬಿಲ್ಲೆಯ ಒಂದು ಅಂಚಿನ ಗೆರೆ ಇನ್ನೊಂದು ಭಾಗದ ಗೆರೆಯ ಮೇಲೆ ಬಿದ್ದು ಮುಚ್ಚಿಬಿಡುತ್ತದೆ. ನಿಮ್ಮ ಲೆಕ್ಕಕ್ಕೆ, 40 ಮೀಟರ್ ದೂರದಲ್ಲಿ 0.18 ಮಿ.ಮೀ. ತೂತು ಸಾಕು ಅಳಿಸಲು. ಹೊಲಿಗೆ ಸೂಜಿಯ ತೂತು ಅದಕ್ಕಿಂತ ಎಷ್ಟೋ ದೊಡ್ಡದು.

ಬೇಸರ ಮಾಡಬೇಡಿ. 1920ರ ಡಿಸೆಂಬರ್‌ನಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಮೈಕೆಲ್ಸನ್ ಮತ್ತು ಪೀಸ್ ಬೀಟಲ್‌ಜೂಸ್ ಅಳೆದದ್ದು ಹೀಗೇ. ಫ್ರಿಂಜ್ ಯಾವಾಗ ಮಾಯವಾಗುತ್ತದೆ ಅಂತ ಕಾದರು. ಸುಮಾರು 3 ಮೀಟರ್ ಅಂತರದಲ್ಲಿ ಮಾಯವಾಯಿತು, ಕೋನಗಾತ್ರ 0.047 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯಲ್ಲಿ 3600 ಆರ್ಕ್‌ಸೆಕೆಂಡ್) ಅಂತ ಸಿಕ್ಕಿತು. 2.5 ಮೀಟರ್ ಕನ್ನಡಿಯೂ ಸಾಲದೆ ಅದರ ಮೇಲೆ 6 ಮೀಟರಿನ ತೊಲೆ ಕೂರಿಸಿದ್ದರು. ಹಾಗಾಗಿ 8 ಇಂಚಿನಲ್ಲಿ ಬೀಟಲ್‌ಜೂಸ್ ಆಸೆ ಬಿಡಿ. ಆದರೆ ಫಾಯಿಲ್ ತೂತನ್ನು ಅಳೆಯಬಹುದು! ತೂತುಗಳ ಅಂತರ 30ರಿಂದ 85 ಮಿ.ಮೀ.ವರೆಗೆ ಇರುವ ನಾಲ್ಕೈದು ಮಾಸ್ಕ್ ಮಾಡಿ ನೋಡಿ. ಮಧ್ಯದ ಚಿಕ್ಕ ಕನ್ನಡಿ ತೂತಿಗೆ ಅಡ್ಡ ಬರದಂತೆ ಕತ್ತರಿಸಿ.

ಮಲ್ಪೆ ತಾರಸಿ:
ನಿನ್ನೆ ಬಾರ್ಲೋ ಸಾಲ ತಂದೆ. ಹಳೆ 150ರ ಮಾಸ್ಕ್, ಸಿರಿಯಸ್, ಹಸಿರು ಫಿಲ್ಟರ್. ಬಾಚಣಿಗೆ ಹಲ್ಲಿನ ಹಾಗೆ ಗೆರೆಗಳು! ನಡುಗುತ್ತಾ ಬರ್ತವೆ, ಹೋಗ್ತವೆ. ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ.

ಮರದ ಟಾರ್ಚ್‌ನಲ್ಲಿ 30 ಮಿ.ಮೀ.ಗೆ ಸ್ಪಷ್ಟ, 45ಕ್ಕೆ ಮಸುಕು, 55ಕ್ಕೆ ಏನೂ ಇಲ್ಲ. 85ಕ್ಕೆ ಮತ್ತೆ ತೀರಾ ತೆಳುವಾಗಿ ಬಂತು, ಅದು ಸರಿಯಾ? 55 ಹಿಡಿದು ಲೆಕ್ಕ ಹಾಕಿದರೆ ತೂತು 0.49 ಮಿ.ಮೀ. ಬೆಳಿಗ್ಗೆ ಜೆರಾಕ್ಸ್ ಅಂಗಡಿಯಲ್ಲಿ ಫಾಯಿಲನ್ನು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿದೆ. 24 ಪಿಕ್ಸೆಲ್ ಅಗಲ, ಅಂದರೆ 0.51. ಅಂಗಡಿಯವರು ಎರಡೆರಡು ಸಲ ನನ್ನ ಮುಖ ನೋಡಿದರು.

ಸುರತ್ಕಲ್ ಹಳೆ ಲೆನ್ಸ್:
85ರದ್ದು ಸರಿಯೇ. ಅಳಿಸಿದ ಮೇಲೆ ಸ್ವಲ್ಪ ತಲೆ ಎತ್ತಿ ಮತ್ತೆ ಅಡಗುತ್ತದೆ.

ಕಟಪಾಡಿ:
ಗಾತ್ರ ಸಿಕ್ಕಿತು ಸರಿ. ನಕ್ಷತ್ರದ ಚಿತ್ರ ಹೇಗೆ ತೆಗೀತಾರೆ?

ಸುರತ್ಕಲ್ ಹಳೆ ಲೆನ್ಸ್:
ಎರಡು ತೂತು ಒಂದು ಅಂತರ, ಒಂದು ದಿಕ್ಕು ಮಾತ್ರ ಹೇಳುತ್ತದೆ. ಚಿತ್ರಕ್ಕೆ ಬೇರೆ ಬೇರೆ ಅಂತರ, ಬೇರೆ ಬೇರೆ ದಿಕ್ಕು ಬೇಕು. ಅದೇ ಮೌಂಟ್ ವಿಲ್ಸನ್‌ನಲ್ಲಿ ಈಗ ಚಾರಾ ಉಂಟು. 1 ಮೀಟರಿನ ಆರು ದೂರದರ್ಶಕ, ಗರಿಷ್ಠ ಅಂತರ 331 ಮೀಟರ್. ವೇಗವಾಗಿ ತಿರುಗಿ ಚಪ್ಪಟೆಯಾದ ಆಲ್ಟೇರ್ ನಕ್ಷತ್ರದ ಮೈಯನ್ನೇ 2007ರಲ್ಲಿ ಚಿತ್ರಿಸಿದರು. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದಲ್ಲೂ ಒಂದು ಮಾಸ್ಕ್ ಉಂಟು, ಏಳು ತೂತಿನದ್ದು. ಯಾವ ಎರಡು ತೂತು ಹಿಡಿದರೂ ಅಂತರ-ದಿಕ್ಕಿನ ಜೋಡಿ ಮತ್ತೊಮ್ಮೆ ಬರದಂತೆ ಕೊರೆದಿದ್ದಾರೆ. ನಕ್ಷತ್ರಕ್ಕೆ ತೀರಾ ಹತ್ತಿರ ಇರುವುದನ್ನು ಹುಡುಕಲು ಅದು.

ಮಲ್ಪೆ ತಾರಸಿ:
ಏಳು ತೂತು ರಟ್ಟಿನಲ್ಲಿ ಆಗುತ್ತಾ? ಮಿಕ್ಸಿ ಬಂದ ಪೆಟ್ಟಿಗೆ ಒಂದು ಉಳಿದಿದೆ.

ಸುರತ್ಕಲ್ ಹಳೆ ಲೆನ್ಸ್:
ಆಗುತ್ತದೆ. ಮೂರರಿಂದ ಶುರು ಮಾಡಿ. ಬಾರ್ಲೋ ಮಾತ್ರ ವಾಪಸ್ ಕೊಡಬೇಡಿ ಇನ್ನೂ.